ಮಳೆಗಾಲದಲ್ಲಿ ಯಾವ ಮೀನು ತಿನ್ನುತ್ತೀರಿ? ಕಡಲು ಬರಿದಾಗದ ಹಾಗೆ ಹಿಡಿದ ಮೀನಿನ ಬಗ್ಗೆ ಸ್ವಲ್ಪ ಮಾತಾಡೋಣ

ಕುಂದಾಪುರದಾಕೆ_ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಆದರೆ ಮೊನ್ನೆ ಜೂನ್ 10ಕ್ಕೆ ಮನೆಯಲ್ಲಿ ನಡೆದದ್ದನ್ನು ಹೇಳದೆ ಇರೋಕೆ ಆಗುತ್ತಿಲ್ಲ.

ಮಗನ ಹುಟ್ಟುಹಬ್ಬ. ಪಾಪ್ಲೇಟ್ (ಪಾಂಫ್ರೆಟ್ ಮೀನು) ಫ್ರೈ ಬೇಕು ಅಂದ. ಊರಲ್ಲಿ ಮಾಂಜಿ ಅನ್ನುತ್ತಿದ್ದೆವು, ಮುಂಬೈಗೆ ಬಂದು ಇಪ್ಪತ್ತು ವರ್ಷ ಆದ ಮೇಲೆ ಬಾಯಿಗೆ ಪಾಪ್ಲೇಟೇ ಬರುತ್ತದೆ. ನಾವು ಯಾವಾಗಲೂ ಕೊಳ್ಳುವ ಮೀನಿನ ಮಾವಶಿ ಹತ್ತಿರ ಹೋದೆ. ಅವರ ಬುಟ್ಟಿಯಲ್ಲಿ ಬರೀ ಒಣ ಬೊಂಬಿಲ್ ಮೀನು, ಜವಳಾ, ಸೋಡೆ ಅನ್ನುವ ಒಣ ಸಿಗಡಿ. "ಬಂದರು ಬಂದ್ ಇದೆ, ನಾರಳಿ ಪೂರ್ಣಿಮೆ ಆದ ಮೇಲೆ ಬಾ" ಅಂದರು, ಅಂದರೆ ಶ್ರಾವಣದ ಹುಣ್ಣಿಮೆ. ಅವರ ಮಾತು ಕೇಳಬೇಕಿತ್ತು. ಕೇಳದೆ ಫೋನಿನಲ್ಲಿ ತರಿಸಿದೆ. ಡಬ್ಬಿಯ ಮೇಲೆ "ಇಂದೇ ಹಿಡಿದ ಕಡಲ ಮೀನು" ಅಂತ ಬರೆದಿತ್ತು.

ಬಿಚ್ಚಿದರೆ ಐದು ಮರಿಗಳು. ಒಂದೊಂದೂ ನನ್ನ ಅಂಗೈಗಿಂತ ಚಿಕ್ಕದು. ಕಿವಿರು ಎತ್ತಿ ನೋಡಿದರೆ ಕೆಂಪೇ ಇಲ್ಲ, ಬೂದಿ ಬಣ್ಣ. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಿತು.

ಈಗ ಲೆಕ್ಕ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ 10ಕ್ಕೆ ಎರಡೂ ಕಡೆ ಬಂದ್. ಹುಟ್ಟು ಹಾಕುವ ಸಣ್ಣ ದೋಣಿಗಳಿಗೆ ಮಾತ್ರ ಅವಕಾಶ. ಹಾಗಿದ್ದರೆ "ಇಂದೇ ಹಿಡಿದ" ಮರಿ ಪಾಪ್ಲೇಟ್ ಎಲ್ಲಿಂದ ಬಂತು? ಮೇ ತಿಂಗಳಲ್ಲಿ ಹಿಡಿದು ಫ್ರೀಜರಿನಲ್ಲಿ ಇಟ್ಟದ್ದು ಅಂತಲೇ ನನ್ನ ಅನುಮಾನ. ಫ್ರೀಜರ್ ಮೀನು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಹಾಗಂತ ಬರೆದು ಕೊಟ್ಟಿದ್ದರೆ ಸಾಕಿತ್ತು.

ನನ್ನ ಅಜ್ಜಿ ಮರಿ ಮೀನು ಮನೆಗೆ ಬಂದರೆ ಮುಟ್ಟುತ್ತಲೇ ಇರಲಿಲ್ಲ. "ಇದು ಇನ್ನೂ ಮಗು, ಇದನ್ನು ಯಾಕೆ ತಂದೆ" ಅಂತ ಅಜ್ಜನಿಗೆ ಹೇಳುತ್ತಿದ್ದರು. ಆ ಐದು ಮರಿಗಳನ್ನು ತೊಳೆಯುವಾಗ ನನಗೆ ಅದೇ ಮಾತು ನೆನಪಾಗಿ ಕಣ್ಣಲ್ಲಿ ನೀರು ಬಂತು.

ಕಡಲಲ್ಲಿ ತಾನಾಗಿ ಬೆಳೆದ ಮೀನಿಗಿಂತ ಒಳ್ಳೆಯ ಊಟ ಇಲ್ಲ ಅಂತ ನಾನು ನಂಬಿದವಳು. ಆದರೆ ಅದು ಸರಿಯಾದ ತಿಂಗಳಲ್ಲಿ, ಸರಿಯಾದ ಅಳತೆಯಲ್ಲಿ, ಸರಿಯಾದ ಬಲೆಯಲ್ಲಿ ಬಂದಿರಬೇಕು. ನೀವೆಲ್ಲ ಹೇಗೆ ಆರಿಸುತ್ತೀರಿ? ಏನು ಕೇಳಿ ಕೊಳ್ಳುತ್ತೀರಿ? ದಯವಿಟ್ಟು ಬರೆಯಿರಿ.

ಧಾರವಾಡ_ಪುಣೆ

ಅಕ್ಕ, ನಾನು ಕಡಲು ಕಾಣದ ಊರಿನವನು. ಮೀನು ತಿನ್ನೋಕೆ ಕಲಿತದ್ದೇ ಪುಣೆಗೆ ಬಂದ ಮೇಲೆ. ಗಣೇಶ ಪೇಟೆ ಮಾರ್ಕೆಟ್‌ನಲ್ಲಿ ರೋಹು, ಕಟ್ಲಾ ಕೊಳ್ಳುತ್ತೇನೆ. ಎರಡೂ ಕೆರೆಯಲ್ಲಿ ಸಾಕಿದವು.

ನನಗೊಂದು ಪ್ರಶ್ನೆ ಇದೆ, ವಾದ ಮಾಡೋಕೆ ಅಲ್ಲ, ನಿಜವಾಗಿ ತಿಳಿಯೋಕೆ. ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಮೊದಲ ಸಲ ಸಾಕಿದ ಮೀನು ಸಿಗಡಿಗಳ ಪ್ರಮಾಣ ಹಿಡಿದದ್ದಕ್ಕಿಂತ ಜಾಸ್ತಿ ಆಯಿತು, ನೂರಕ್ಕೆ ಸುಮಾರು 51 ಪಾಲು. ಅದೇ ವರದಿಯಲ್ಲಿ ಜಗತ್ತಿನ ಕಡಲ ಮೀನು ಸಂಗ್ರಹಗಳಲ್ಲಿ ನೂರಕ್ಕೆ 37ಕ್ಕೂ ಜಾಸ್ತಿ ಮಿತಿ ಮೀರಿ ಹಿಡಿಯಲಾಗುತ್ತಿದೆ ಅಂತಲೂ ಇದೆ. ಹಾಗಿದ್ದರೆ ನಾವೆಲ್ಲ ಸಾಕಿದ್ದನ್ನೇ ತಿಂದು ಕಡಲನ್ನು ಸುಮ್ನೆ ಬಿಡುವುದು ಒಳ್ಳೆಯದಲ್ವಾ?

ಮಲ್ಪೆ_ಹುಡುಗ_ವರ್ಸೋವಾ

ಧಾರವಾಡದ ಅಣ್ಣ, ಒಳ್ಳೆಯ ಪ್ರಶ್ನೆ. ನಾನು ಬೋಟಿನವರ ಮನೆಯವನು. ಅಪ್ಪ ಮೂವತ್ತು ವರ್ಷ ಟ್ರಾಲ್ ಬೋಟಿನಲ್ಲಿ, ಅಂದರೆ ಕಡಲ ತಳದಲ್ಲಿ ಬಲೆ ಎಳೆಯುವ ಬೋಟಿನಲ್ಲಿ ದುಡಿದವರು. ಗೊತ್ತಿದ್ದಷ್ಟು ಹೇಳುತ್ತೇನೆ.

ರೋಹು, ಕಟ್ಲಾ ಸಾಕುವುದರಲ್ಲಿ ನನಗೇನೂ ತಕರಾರಿಲ್ಲ. ನೀಲಿಕಲ್ಲು, ಕಲ್ವದಂಥ ಚಿಪ್ಪಿನ ಜೀವಿಗಳನ್ನು ಸಾಕುವುದು ಇನ್ನೂ ಒಳ್ಳೆಯದು, ಅವಕ್ಕೆ ಮೇವೇ ಬೇಡ, ನೀರನ್ನೇ ಸೋಸಿ ತಿನ್ನುತ್ತವೆ. ತೊಂದರೆ ಇರುವುದು ಮೇವು ಬೇಡುವ ಮೀನು ಸಿಗಡಿಗಳಲ್ಲಿ. ಆಂಧ್ರದಿಂದ ಬರುವ ವನಾಮಿ ಸಿಗಡಿ ಇದೆಯಲ್ಲ, ಅದರ ಮೇವಿನಲ್ಲಿ ಮೀನಿನ ಪುಡಿ ಇರುತ್ತದೆ. ಆ ಪುಡಿ ಎಲ್ಲಿಂದ? ನಮ್ಮ ಕರಾವಳಿಯ ಫಿಶ್ ಮೀಲ್ ಫ್ಯಾಕ್ಟರಿಗಳಿಂದಲೂ ಬರುತ್ತದೆ. ಅಲ್ಲಿಗೆ ಹೋಗುವುದು ಭೂತಾಯಿ ಮೀನು (ಸಾರ್ಡೀನ್), ಮತ್ತು ಟ್ರಾಲ್ ಬಲೆಗೆ ಬಿದ್ದ ಮರಿಗಳು. ಅಂದರೆ ಕಡಲನ್ನು ಬಿಟ್ಟ ಹಾಗೆ ಕಾಣುತ್ತದೆ, ಬಿಟ್ಟಿರುವುದಿಲ್ಲ.

ಒಂದು ದೃಶ್ಯ ಹೇಳುತ್ತೇನೆ. ಹತ್ತನೇ ಕ್ಲಾಸಿನ ರಜೆಯಲ್ಲಿ ಅಪ್ಪನ ಜೊತೆ ಹೋಗಿದ್ದೆ. ಎರಡು ಮೂರು ಗಂಟೆ ಎಳೆದ ಮೇಲೆ ಬಲೆಯನ್ನು ಮೇಲೆತ್ತಿ ಕೊನೆಯ ಚೀಲದ ಗಂಟು ಬಿಚ್ಚುತ್ತಾರೆ. ಅಷ್ಟೂ ಧಪ್ ಅಂತ ಹಲಗೆಯ ಮೇಲೆ ಬೀಳುತ್ತದೆ. ಮೊದಲು ಸಿಗಡಿ ಆರಿಸಿದರು, ಆಮೇಲೆ ಬೊಂಡಾಸ್, ಆಮೇಲೆ ಒಂದಿಷ್ಟು ದೊಡ್ಡ ಮೀನು. ಉಳಿದದ್ದು ಮೊಣಕಾಲಿನವರೆಗೆ ಇತ್ತು. ಬೆರಳುದ್ದದ ಪಾಂಬೋಲು, ನಾಣ್ಯದಷ್ಟು ಅಗಲದ ಮಾಂಜಿ ಮರಿ, ಏಡಿ ಮರಿ, ಕಡ್ಡಿಯ ಹಾಗಿರುವ ಅಂಜಲ್ ಮರಿ. ಅದನ್ನೆಲ್ಲ ಸಲಿಕೆಯಲ್ಲಿ ತೆಗೆದು ಒಂದು ಮೂಲೆಗೆ ಹಾಕಿದರು. ಅದು ಕಿಲೋಗೆ ಇಷ್ಟು ಅಂತ ಫ್ಯಾಕ್ಟರಿಗೆ. ಒಂದೆರಡು ವರ್ಷ ಬಿಟ್ಟಿದ್ದರೆ ಅದೇ ಅಂಜಲ್ ಮರಿ ಕಿಲೋಗಟ್ಟಲೆ ತೂಗುತ್ತಿತ್ತು. ಅಪ್ಪ ಏನೂ ಮಾತಾಡಲಿಲ್ಲ, ಮುಖ ಆ ಕಡೆ ತಿರುಗಿಸಿಕೊಂಡು ಚಹಾ ಕುಡಿಯುತ್ತಿದ್ದರು.

ಬಲೆಯ ಕಣ್ಣಿನ ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಮಾಮೂಲಿ ಟ್ರಾಲ್ ಬಲೆಯ ಕಣ್ಣು ಇಸ್ಪೀಟಿನ ಡೈಮಂಡ್ ಆಕಾರ. ದಡದಲ್ಲಿ ಹರಡಿದಾಗ ದೊಡ್ಡದಾಗೇ ಕಾಣುತ್ತದೆ. ಆದರೆ ನೀರಲ್ಲಿ ಎಳೆಯುವಾಗ ಜಗ್ಗಿ ಜಗ್ಗಿ ಮುಚ್ಚಿಕೊಳ್ಳುತ್ತದೆ. ಮರಿ ಹೊರಗೆ ಹೋಗೋಕೆ ದಾರಿಯೇ ಇಲ್ಲ. ಚೌಕ ಕಣ್ಣಿನ ಚೀಲ ಹಾಕಿದರೆ ಎಷ್ಟು ಎಳೆದರೂ ಕಣ್ಣು ತೆರೆದೇ ಇರುತ್ತದೆ, ಮರಿಗಳು ನುಸುಳಿ ಹೋಗುತ್ತವೆ. ಇಷ್ಟೇ ಬದಲಾವಣೆ. ಇಂಥ ಬಲೆ ಹಾಕಿ ಬಂದವನಿಗೆ ಒಂದು ದಿನ ತೂಕ ಕಡಿಮೆ ಬರುತ್ತದೆ, ಮುಂದಿನ ವರ್ಷ ಊರಿಗೆಲ್ಲ ಮೀನು ಸಿಗುತ್ತದೆ.

ಆದ್ದರಿಂದ ಕಡಲ ಮೀನು ತಿನ್ನುವುದನ್ನು ಬಿಡಬೇಡಿ ಅಣ್ಣ. ಯಾವ ಬಲೆಯದ್ದು ಅಂತ ಕೇಳಿ ತಿನ್ನಿ. ಕಂತಬಲೆ, ಗಾಳ, ಬೀಸುಬಲೆ, ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ, ಇವುಗಳಲ್ಲಿ ಬಂದದ್ದಾದರೆ ಧೈರ್ಯವಾಗಿ ಕೊಳ್ಳಬಹುದು. ಕಂತಬಲೆಯ ಕಣ್ಣಿನ ಅಳತೆಗೆ ತಕ್ಕ ಮೀನಿನ ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ, ಮರಿ ದಾಟಿ ಹೋಗುತ್ತದೆ.

ಡಯಟಿಷಿಯನ್_ಠಾಣೆ

ನಾನು ಆರೋಗ್ಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನನ್ನ ಹತ್ತಿರ ಬರುವ ತಾಯಂದಿರು ಹೆಚ್ಚಾಗಿ ಕೇಳುವುದು "ಮೀನೆಣ್ಣೆ ಮಾತ್ರೆ ಕೊಡಲಾ" ಅಂತ. ಭೂತಾಯಿ ತಿನ್ನಿಸಿ ಅಂದರೆ ಮುಖ ಸಣ್ಣದು ಮಾಡುತ್ತಾರೆ, ಅದು ಅಗ್ಗದ ಮೀನು ಅಂತ. ಆದರೆ ಒಮೇಗಾ-3ರಲ್ಲಿ ನಮಗೆ ನಿಜವಾಗಿ ಬೇಕಾದ ಇಪಿಎ ಮತ್ತು ಡಿಎಚ್‌ಎ ಎರಡೂ ಭೂತಾಯಿ, ಬಂಗುಡೆಗಳಲ್ಲಿ ಧಾರಾಳವಾಗಿವೆ. ಅಗಸೆಬೀಜದಲ್ಲಿರುವುದು ಬೇರೆ ರೂಪ, ಅದರಿಂದ ನಮ್ಮ ದೇಹ ಇವನ್ನು ತಯಾರಿಸಿಕೊಳ್ಳುವುದು ತುಂಬ ಕಡಿಮೆ. ಜೊತೆಗೆ ಬಿ12, ಡಿ ವಿಟಮಿನ್, ಅಯೋಡಿನ್, ಸೆಲೆನಿಯಂ. ಮಾಂದೇಲಿ, ನೆತ್ತಲಿಯಂಥ ಪುಟ್ಟ ಮೀನನ್ನು ಮುಳ್ಳಿನ ಜೊತೆಗೇ ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ. ಅಮೆರಿಕದ ಹೃದ್ರೋಗ ಸಂಘ ವಾರಕ್ಕೆ ಎರಡು ಸಲ ಮೀನು ತಿನ್ನಿ ಅನ್ನುತ್ತದೆ. ಕರಿದ ಮೀನಲ್ಲ, ಅದನ್ನು ಮರೆಯಬೇಡಿ.

ಇನ್ನೊಂದು ಮುಖ್ಯ ವಿಷಯ ಪಾದರಸ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು ತಿನ್ನುತ್ತದೆ, ಹೀಗೆ ಪಾದರಸ ಮೇಲೆ ಮೇಲೆ ಸೇರುತ್ತಾ ಹೋಗುತ್ತದೆ. ಅದಕ್ಕೇ ಗರ್ಭಿಣಿಯರು ಮತ್ತು ಸಣ್ಣ ಮಕ್ಕಳು ಶಾರ್ಕ್ ಮೀನು, ಸ್ವೋರ್ಡ್ ಫಿಶ್, ಕಿಂಗ್ ಮ್ಯಾಕೆರೆಲ್ ತಿನ್ನಬಾರದು ಅಂತ ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ಆ ಕಿಂಗ್ ಮ್ಯಾಕೆರೆಲ್ ನಮ್ಮ ಸುರ್ಮಯಿಯ, ಅಂದರೆ ಅಂಜಲ್ ಮೀನಿನ, ಹತ್ತಿರದ ನೆಂಟ. ತುಂಬ ದೊಡ್ಡ ಸುರ್ಮಯಿಯ ತುಂಡುಗಳನ್ನು ಗರ್ಭಿಣಿಯರಿಗೆ ವಾರವಾರ ಕೊಡಬೇಡಿ, ಅಪರೂಪಕ್ಕೆ ಸಾಕು ಅಂತ ನಾನು ಹೇಳುವುದು ಇದಕ್ಕೇ. ಭೂತಾಯಿ ತಿನ್ನುವುದು ಪ್ಲಾಂಕ್ಟನ್ ಅನ್ನೋ ಸೂಕ್ಷ್ಮ ಜೀವಿಗಳನ್ನು, ಬದುಕುವುದು ಎರಡು ಎರಡೂವರೆ ವರ್ಷ. ಅದರಲ್ಲಿ ಹೆಚ್ಚು ಪಾದರಸ ಸೇರೋಕೆ ಸಮಯವೇ ಇಲ್ಲ.

ಪ್ರಾಮಾಣಿಕವಾಗಿ ಇನ್ನೊಂದು ಹೇಳಬೇಕು. ಸಾಕಿದ ಮೀನಿನಲ್ಲೂ ಒಳ್ಳೆಯ ಪ್ರೋಟೀನ್ ಇದೆ, ಸಾಕಿದ ಸಾಲ್ಮನ್‌ನಲ್ಲಿ ಒಮೇಗಾ-3 ಕೂಡ ಚೆನ್ನಾಗಿರುತ್ತದೆ. ಸಾಕಿದ್ದೆಲ್ಲ ವಿಷ ಅಂತ ಹೆದರಿಸುವವರ ಮಾತು ನಂಬಬೇಡಿ.

ಅಂಧೇರಿ_ಪಿಜಿ_ವಾಸಿ

ಎಲ್ಲ ಸರಿ, ಆದರೆ ಇದೆಲ್ಲ ದುಡ್ಡಿರುವವರ ಮಾತು ಅಂತ ನನಗೆ ಅನಿಸುತ್ತದೆ. "ವೈಲ್ಡ್ ಕಾಟ್", "ಸಸ್ಟೇನಬಲ್" ಅಂತ ಚೀಟಿ ಹಚ್ಚಿದ ಮೀನಿನ ಬೆಲೆ ನೋಡಿದ್ದೀರಾ? ತಿಂಗಳ ಕೊನೆಗೆ ನಮ್ಮಂಥವರು ಮೊಟ್ಟೆ ಸಾರಿಗೇ ಬರುತ್ತೇವೆ.

ಕುಂದಾಪುರದಾಕೆ_ಡೊಂಬಿವಲಿ

ತಮ್ಮಾ, ಚೀಟಿ ಹಚ್ಚಿದ್ದನ್ನು ಬಿಡು. ಸ್ಟೇಷನ್ ಹತ್ತಿರ ಸಂಜೆ ಕೂರುವ ಮಾವಶಿಯರ ಹತ್ತಿರ ಹೋಗು. ಒಂದು ಕಿಲೋ ಸುರ್ಮಯಿ ದುಡ್ಡಿಗೆ ತಾರ್ಲಿ ಎರಡು ಮೂರು ಕಿಲೋ ಬರುತ್ತದೆ. ತಾರ್ಲಿ ಅಂದರೆ ನಮ್ಮ ಭೂತಾಯಿಯೇ. ಮಾಂದೇಲಿ, ಬೊಂಬಿಲ್ ಕೂಡ ಕೈಗೆಟುಕುವ ಬೆಲೆ. ಬೇಗ ಬೆಳೆದು ಬೇಗ ಮರಿ ಮಾಡುವ ಈ ಮೀನುಗಳೇ ಅಗ್ಗ, ಕಡಲಿಗೂ ಅವುಗಳದ್ದೇ ಭಾರ ಕಡಿಮೆ. ಎಲ್ಲರೂ ಪಾಪ್ಲೇಟ್, ಸುರ್ಮಯಿ, ಸಿಗಡಿ ಅಂತ ಮೂರೇ ಹೆಸರು ಹಿಡಿದು ಕೂತಿರುವುದರಿಂದ ಆ ಮೂರರ ಮೇಲೆ ಎಷ್ಟು ಒತ್ತಡ ಬಿದ್ದಿದೆ ನೋಡು.

ಬೊಂಬಿಲ್ ಮಾಡೋಕೆ ಬರದಿದ್ದರೆ ಹೇಳುತ್ತೇನೆ. ಅದರಲ್ಲಿ ನೀರು ತುಂಬ. ಹೊಟ್ಟೆ ಸೀಳಿ ನಡುವಿನ ಮುಳ್ಳು ತೆಗೆದು, ಪುಸ್ತಕದ ಹಾಗೆ ಬಿಡಿಸಿ, ಎರಡು ಬಟ್ಟೆಯ ನಡುವೆ ಇಟ್ಟು ಮೇಲೆ ನೀರು ತುಂಬಿದ ಪಾತ್ರೆ ಇಡು. ಅರ್ಧ ಗಂಟೆಯಲ್ಲಿ ಬಟ್ಟೆ ಒದ್ದೆಯಾಗಿ ಮೀನು ಕಾಗದದ ಹಾಗೆ ಚಪ್ಪಟೆ ಆಗುತ್ತದೆ. ಉಪ್ಪು, ಖಾರ, ಅರಿಸಿನ, ಹುಣಸೆ ರಸ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಸ್ವಲ್ಪವೇ ಎಣ್ಣೆಯಲ್ಲಿ ಬೇಯಿಸು. ಪಿಜಿಯ ಒಂದೇ ಒಲೆಯಲ್ಲೂ ಆಗುತ್ತದೆ.

ಕಾರವಾರದಾಕೆ_ವಾಸ್ಕೋ

ನಾನು ಗೋವಾದಲ್ಲಿ ಶಾಲೆಯ ಟೀಚರ್. ಇಲ್ಲಿನ ಅನುಭವ ಬರೆಯುತ್ತೇನೆ.

2018ರ ಜುಲೈಯಲ್ಲಿ ಹೊರ ರಾಜ್ಯದಿಂದ ಬಂದ ಮೀನು ಕೆಡದ ಹಾಗೆ ಫಾರ್ಮಲಿನ್ ಅನ್ನುವ ರಾಸಾಯನಿಕ ಹಾಕಿದ್ದಾರೆ ಅನ್ನುವ ದೊಡ್ಡ ಗಲಾಟೆ ಆಯಿತಲ್ಲ, ಸರ್ಕಾರ ಸ್ವಲ್ಪ ದಿನ ಹೊರಗಿನ ಮೀನನ್ನೇ ತಡೆಯಿತು. ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಮೀನಿನ ವಾಸನೆಯೇ ಇರಲಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಕಾಗದದ ಪಟ್ಟಿಯಿಂದ ಫಾರ್ಮಲಿನ್ ಪತ್ತೆ ಮಾಡುವ ಕಿಟ್ ತಂದದ್ದೂ ಆ ವರ್ಷವೇ ಸುದ್ದಿಯಾಯಿತು. ನಾನು ಆಗ ಕಲಿತದ್ದು ಒಂದೇ. ಮೀನು ಎಷ್ಟು ದೂರದಿಂದ ಬರುತ್ತದೋ ಅಷ್ಟು ಅನುಮಾನ. ಹತ್ತಿರದ ದಡಕ್ಕೆ ಬೆಳಗ್ಗೆ ಬಂದ ಮೀನಿಗೆ ಯಾರೂ ಔಷಧಿ ಹಾಕುವುದಿಲ್ಲ, ಬೇಕಾಗಿಯೇ ಇಲ್ಲ.

ಆಮೇಲಿಂದ ನಾನು ಭಾನುವಾರ ಬಾಣಾವಲಿ ಕಡೆ ಹೋಗುತ್ತೇನೆ. ಅಲ್ಲಿ ಇನ್ನೂ ರಾಂಪಣ್ ಎಳೆಯುವವರಿದ್ದಾರೆ. ದೋಣಿಯಲ್ಲಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ದಡದಿಂದ ಎಳೆಯುತ್ತಾರೆ. ನಾನೂ ಒಂದು ಸಲ ಹಗ್ಗ ಹಿಡಿದೆ. ಅಂಗೈ ಉರಿದು ಹೋಯಿತು. ಬಲೆ ಹತ್ತಿರ ಬಂದಾಗ ನೀರೆಲ್ಲ ಬೆಳ್ಳಿಯ ಹಾಗೆ ಕುದಿಯುತ್ತದೆ, ಬಂಗುಡೆ ಬಾಲ ಬಡಿಯುವ ಸದ್ದು ಮಳೆ ಬಿದ್ದ ಹಾಗೆ. ಎಳೆದವರಿಗೆಲ್ಲ ಪಾಲು, ನನಗೂ ನಾಲ್ಕು ಬಂಗುಡೆ ಕೊಟ್ಟರು. ಹಿಂಡಿದ ತೆಂಗಿನ ಹಾಲು, ತಿರ್ಫಳ ಹಾಕಿ ಸಾರು ಮಾಡಿದೆ. ಆ ರುಚಿ ಐಸಿನಲ್ಲಿ ನಾಲ್ಕು ದಿನ ಇದ್ದ ಬಂಗುಡೆಗೆ ಬರೋಕೆ ಸಾಧ್ಯವೇ ಇಲ್ಲ.

ಈ ರಾಂಪಣ್‌ಕಾರರು 1970ರ ದಶಕದಲ್ಲಿ ದೊಡ್ಡ ಹೋರಾಟ ಮಾಡಿದವರು, ಮತಾನಿ ಸಲ್ಡಾನಾ ಅವರ ಮುಂದಾಳತ್ವದಲ್ಲಿ. ಟ್ರಾಲ್ ದೋಣಿಗಳು ದಡದ ಹತ್ತಿರ ಬರಬಾರದು, ಐದು ಕಿಲೋಮೀಟರ್ ಆಚೆ ಇರಲಿ ಅನ್ನುವುದು ಅವರ ಬೇಡಿಕೆ. ದಡದ ಹತ್ತಿರದ ನೀರಿನಲ್ಲೇ ಮರಿಗಳು ಬೆಳೆಯುವುದು, ಅದಕ್ಕೆ. ಗೋವಾದ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1980ರದ್ದು, ಈ ಹೋರಾಟದ ಫಲ. ಈಗಿನ ಕಾಟ ಎಲ್‌ಇಡಿ ದೀಪ. ರಾತ್ರಿ ನೀರಿಗೆ ದೀಪ ಬಿಟ್ಟು ಸುತ್ತಲಿನ ಮೀನನ್ನೆಲ್ಲ, ದೊಡ್ಡದು ಮರಿ ಅಂತ ನೋಡದೆ, ಒಂದೇ ಕಡೆ ಸೆಳೆದು ಬಾಚಿಕೊಳ್ಳುತ್ತಾರೆ. 2017ರ ನವೆಂಬರಿನಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಆದರೂ ರಾತ್ರಿ ದೂರದಲ್ಲಿ ಬೆಳಕು ಕಂಡಾಗ ಇಲ್ಲಿನ ಹಿರಿಯರು ಅದನ್ನೇ ನೋಡುತ್ತಾ ನಿಂತುಬಿಡುತ್ತಾರೆ.

ಧಾರವಾಡ_ಪುಣೆ

ಟೀಚರಮ್ಮ, ಹಗ್ಗ ಎಳೆದದ್ದನ್ನು ಓದಿ ನನ್ನ ಮಗಳು "ನಾವೂ ಹೋಗೋಣ" ಅಂತ ಕೂತಿದ್ದಾಳೆ.

ಇನ್ನೊಂದು ಕೇಳಬೇಕಿತ್ತು. ನನ್ನ ಹೆಂಡತಿ ದೊಡ್ಡ ಅಂಗಡಿಯಿಂದ ಸಾಲ್ಮನ್ ತಂದಿದ್ದಳು. ಅಂಗಡಿಯವನು ಕಡಲಿನದ್ದೇ ಅಂದನಂತೆ. ಚೀಟಿಯಲ್ಲಿ ನಾರ್ವೆ ಅಂತ ಇದೆ, "ಸಾಲ್ಮೊ ಸಲಾರ್" ಅಂತಲೂ ಇದೆ. ಮಾರ್ಕೆಟ್‌ನಲ್ಲಿ ರಾವಸ್ ಮೀನನ್ನೂ ಇಂಡಿಯನ್ ಸಾಲ್ಮನ್ ಅನ್ನುತ್ತಾರೆ. ಎರಡೂ ಒಂದೇನಾ?

ಹಡಗಿನ_ಇಂಜಿನಿಯರ್_ನವಿಮುಂಬೈ

ಇದಕ್ಕೆ ನಾನು ಉತ್ತರ ಕೊಡಬಲ್ಲೆ, ಅಲಾಸ್ಕಾ ಕಡೆ ಹಡಗಿನಲ್ಲಿ ಹೋಗಿ ಬಂದವನು.

ರಾವಸ್‌ಗೂ ಸಾಲ್ಮನ್‌ಗೂ ಸಂಬಂಧವೇ ಇಲ್ಲ, ಕುಟುಂಬವೇ ಬೇರೆ. ರಾವಸ್ ನಮ್ಮ ಕಡಲಿನದ್ದು, ಒಳ್ಳೆಯ ಮೀನು. ಸಾಲ್ಮೊ ಸಲಾರ್ ಅಂದರೆ ಅಟ್ಲಾಂಟಿಕ್ ಸಾಲ್ಮನ್. ನಾರ್ವೆಯಿಂದ ನಮ್ಮ ಅಂಗಡಿಗೆ ಬರುವುದು ಸಾಕಿದ್ದು. ಅಂಗಡಿಯವನಿಗೂ ಗೊತ್ತಿರಲಿಕ್ಕಿಲ್ಲ.

ತಾನಾಗಿ ಬೆಳೆದ ಸಾಲ್ಮನ್ ಬೇಕಾದರೆ ಅಲಾಸ್ಕಾದ ಹೆಸರು ನೋಡಬೇಕು. ಅಲ್ಲಿ ಮೀನು ಸಾಕಣೆಯನ್ನೇ 1990ರಲ್ಲಿ ನಿಷೇಧಿಸಿದ್ದಾರೆ. ಅವರ ರಾಜ್ಯದ ಸಂವಿಧಾನದಲ್ಲೇ ಮೀನನ್ನು ಬರಿದಾಗದ ಹಾಗೆ ಹಿಡಿಯಬೇಕು ಅಂತ ಬರೆದಿದೆ. ನನಗೆ ತುಂಬ ಹಿಡಿಸಿದ್ದು ಅವರು ಎಣಿಸುವ ರೀತಿ. ಸಾಲ್ಮನ್ ಕಡಲಿನಿಂದ ತಾನು ಹುಟ್ಟಿದ ಹೊಳೆಗೆ ಮೊಟ್ಟೆ ಇಡೋಕೆ ವಾಪಸು ಬರುತ್ತದೆ. ಹೊಳೆಯ ದಡದಲ್ಲಿ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಕೂತು ದಾಟಿ ಹೋಗುವ ಮೀನನ್ನು ಕಣ್ಣಾರೆ ಎಣಿಸುತ್ತಾರೆ. ಮೊಟ್ಟೆ ಇಡೋಕೆ ಇಷ್ಟು ಮೀನು ಮೇಲೆ ಹೋಗಲೇಬೇಕು ಅಂತ ಲೆಕ್ಕ ಇದೆ. ಬರುವ ಮೀನು ಆ ಲೆಕ್ಕಕ್ಕೆ ಸಾಲುವುದಿಲ್ಲ ಅಂತ ಕಂಡರೆ ಹಿಡಿಯುವುದನ್ನು ಅಲ್ಲೇ ನಿಲ್ಲಿಸುತ್ತಾರೆ. ಬ್ರಿಸ್ಟಲ್ ಬೇ ಅನ್ನುವ ಕಡೆ 2022ರಲ್ಲಿ ಏಳು ಕೋಟಿಗೂ ಜಾಸ್ತಿ ಸಾಕೈ ಸಾಲ್ಮನ್ ಬಂದವು. ಇನ್ನೊಂದು ಕಡೆ ಯೂಕಾನ್ ಹೊಳೆಯಲ್ಲಿ ಕಿಂಗ್ ಸಾಲ್ಮನ್ ಕಡಿಮೆಯಾಗಿ, 2024ರಲ್ಲಿ ಏಳು ವರ್ಷಕ್ಕೆ ಹಿಡಿಯುವುದನ್ನು ನಿಲ್ಲಿಸುವ ಒಪ್ಪಂದ ಆಯಿತು. ಇದ್ದಾಗ ತಿನ್ನು, ಇಲ್ಲದಾಗ ಬಿಡು, ಲೆಕ್ಕ ಅಷ್ಟೇ.

ಸಾಕೈ ಮೀನಿನ ಮಾಂಸ ಕಡು ಕೆಂಪು. ಕಡಲಲ್ಲಿ ಕೆಂಪು ಸಿಗಡಿಯಂಥ ಪುಟ್ಟ ಜೀವಿಗಳನ್ನು ತಿಂದು ಬಂದ ಬಣ್ಣ ಅದು. ಸಾಕಿದ ಸಾಲ್ಮನ್‌ಗೆ ಆ ಬಣ್ಣದ ಅಂಶವನ್ನು ಮೇವಿನಲ್ಲಿ ಸೇರಿಸಿ ಕೊಡುತ್ತಾರೆ.

ನಮ್ಮಲ್ಲೂ ಇಂಥ ಉದಾಹರಣೆ ಇದೆ. ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಮರುವಾಯಿ ಚಿಪ್ಪಿಗೆ 2014ರಲ್ಲಿ, ಬರಿದಾಗದ ಹಾಗೆ ಹಿಡಿಯುತ್ತಾರೆ ಅನ್ನುವುದಕ್ಕೆ, ಎಂಎಸ್‌ಸಿ ಅನ್ನುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ದೇಶದಲ್ಲೇ ಮೊದಲನೆಯದು. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ, ಮರಿ ಮಾಡುವ ಕಾಲ ಅಂತ, ತೆಗೆಯುವುದೇ ಇಲ್ಲ. ಬಲೆಯ ಕಣ್ಣಿಗೂ ಅಳತೆ ಇದೆ.

ಅಂಧೇರಿ_ಪಿಜಿ_ವಾಸಿ

ಬೊಂಬಿಲ್ ಸಿಗಲಿಲ್ಲ ಅಕ್ಕ, ಒಣ ಜವಳಾ ತಂದೆ. ಈರುಳ್ಳಿ, ಹಸಿಮೆಣಸು, ಕಾಯಿತುರಿ ಹಾಕಿ ಹುರಿದೆ. ರೂಮಿನವರೆಲ್ಲ ಬಂದು ತಿಂದರು.

ಆದರೆ ನನ್ನ ಅನುಮಾನ ಹೋಗಿಲ್ಲ. ನಾನೊಬ್ಬ ಮರಿ ಮೀನು ಬಿಟ್ಟರೆ ಏನಾಗುತ್ತದೆ? ದೊಡ್ಡ ಬೋಟಿನವರು ಹಿಡಿಯುತ್ತಲೇ ಇರುತ್ತಾರಲ್ವಾ?

ಮಲ್ಪೆ_ಹುಡುಗ_ವರ್ಸೋವಾ

ತಮ್ಮಾ, ಬೋಟಿನವರನ್ನು ಬೈದರೆ ಸಾಲದು. ಡೀಸೆಲ್, ಐಸ್, ಕೆಲಸದವರ ಪಾಲು, ಬ್ಯಾಂಕಿನ ಕಂತು, ಇಷ್ಟು ತಲೆಯ ಮೇಲೆ ಇಟ್ಟುಕೊಂಡು ಹೋದವನು ಬರಿಗೈಯಲ್ಲಿ ಬರೋಕೆ ಆಗುವುದಿಲ್ಲ. ದೊಡ್ಡದು ಸಿಗದಿದ್ದರೆ ಮರಿ ತರುತ್ತಾನೆ, ಯಾಕೆಂದರೆ ಅದನ್ನು ಕೊಳ್ಳುವವರಿದ್ದಾರೆ. ಫ್ಯಾಕ್ಟರಿ ಕೊಳ್ಳುತ್ತದೆ, ನಾವೂ ಕೊಳ್ಳುತ್ತೇವೆ. ಕೊಳ್ಳುವ ಕಡೆ ಬೇಡಿಕೆ ಇಳಿದರೆ ಹರಾಜಿನಲ್ಲಿ ಬೆಲೆ ಇಳಿಯುತ್ತದೆ. ಬಂದರಿನಲ್ಲಿ ಇದು ಎಷ್ಟು ಬೇಗ ಗೊತ್ತಾಗುತ್ತದೆ ಅಂದರೆ, ಸೋಮವಾರ ಬೆಲೆ ಬಿದ್ದದ್ದನ್ನು ಮಂಗಳವಾರ ಹೊರಡುವ ಬೋಟಿನವರು ಮಾತಾಡಿಕೊಳ್ಳುತ್ತಿರುತ್ತಾರೆ.

ಕಾನೂನೂ ಇದೆ. ಕೇರಳದವರು 2015ರಲ್ಲಿ 14 ಜಾತಿಯ ಮೀನಿಗೆ ಕನಿಷ್ಠ ಅಳತೆ ಇಟ್ಟರು, ಆಮೇಲೆ ಅದನ್ನು 58ಕ್ಕೆ ಏರಿಸಿದರು. ಮಹಾರಾಷ್ಟ್ರ ಸರ್ಕಾರ 2023ರಲ್ಲಿ 54 ಜಾತಿಗೆ ಅಳತೆ ಗೊತ್ತುಮಾಡಿತು. ಅದೇ ವರ್ಷ ಪಾಪ್ಲೇಟನ್ನು ರಾಜ್ಯದ ಮೀನು ಅಂತ ಘೋಷಿಸಿತು. ಅಕ್ಕನ ಮನೆಗೆ ಬಂದ ಮರಿಗಳು ಅದೇ ಮೀನಿನವು.

ಭೂತಾಯಿಯ ಕಥೆ ಕೇಳಿದರೆ ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯುತ್ತದೆ. ನನ್ನ ಅಜ್ಜನ ಕಾಲದಲ್ಲಿ ಅದು ಎಷ್ಟು ಬೀಳುತ್ತಿತ್ತು ಅಂದರೆ ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಕೇರಳವೊಂದರಲ್ಲೇ 2012ರಲ್ಲಿ ಸುಮಾರು 3.9 ಲಕ್ಷ ಟನ್ ಭೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲ ನೀರಿನ ಬಿಸಿ, ಎಲ್ ನಿನೊ ಇವುಗಳ ಪಾತ್ರ ದೊಡ್ಡದಿದೆ, ಅದು ನಮ್ಮ ಕೈಯಲ್ಲಿಲ್ಲ. ಆದರೆ ನೀರು ಕೈಕೊಟ್ಟ ವರ್ಷ ಮರಿಗಳನ್ನೂ ಬಾಚಿದರೆ ಮತ್ತೆ ಚೇತರಿಸಿಕೊಳ್ಳೋಕೆ ಉಳಿಯುವುದು ಏನು? ಮಳೆಗಾಲದಲ್ಲೇ ಭೂತಾಯಿ ಮೊಟ್ಟೆ ಇಡುವುದು. ಈ 61 ದಿನ ಬೋಟು ದಡದಲ್ಲಿ ಇರುವುದಕ್ಕೆ ಅದೂ ಒಂದು ಕಾರಣ.

ಆ ಎರಡು ತಿಂಗಳು ನಮ್ಮ ಮನೆಯಲ್ಲಿ ದುಡಿಮೆ ಇರಲಿಲ್ಲ. ಅಮ್ಮ ಹಲಸಿನ ಬೀಜಕ್ಕೆ ಒಣ ಸಿಗಡಿ ಹಾಕಿ ಸಾರು ಮಾಡುತ್ತಿದ್ದರು. ಏಪ್ರಿಲ್, ಮೇ ಬಿಸಿಲಿನಲ್ಲಿ ಒಣಗಿಸಿಟ್ಟದ್ದು. ಅದೂ ಕಡಲ ಮೀನೇ, ಅದೂ ನಮ್ಮವರದ್ದೇ ದುಡಿಮೆ. ಜೂನ್ ಜುಲೈಯಲ್ಲಿ ಮಾವಶಿಯರ ಹತ್ತಿರ ಒಣಮೀನು ಕೊಂಡರೆ ಅವರ ಮನೆಯ ಒಲೆಯೂ ಉರಿಯುತ್ತದೆ.

ಡಯಟಿಷಿಯನ್_ಠಾಣೆ

ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬಿಪಿ ಇರುವವರು ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ. ಮತ್ತೊಂದು, ಬಂಗುಡೆ ಮತ್ತು ಭೂತಾಯಿಯನ್ನು ಐಸ್ ಇಲ್ಲದೆ ಬಿಸಿಲಲ್ಲಿ ಇಟ್ಟು ಮಾರುತ್ತಿದ್ದರೆ ಕೊಳ್ಳಬೇಡಿ. ಅವುಗಳಲ್ಲಿ ಹಿಸ್ಟಮಿನ್ ಬೇಗ ಹುಟ್ಟುತ್ತದೆ. ಮೈ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಕುಂದಾಪುರದಾಕೆ_ಡೊಂಬಿವಲಿ

ಎರಡು ತಿಂಗಳ ಮೇಲೆ ಈ ಚರ್ಚೆಗೆ ವಾಪಸು ಬರುತ್ತಿದ್ದೇನೆ. ನಾರಳಿ ಪೂರ್ಣಿಮೆ ಆಗಿ ನಾಲ್ಕು ದಿನ ಆಯಿತು. ನಿನ್ನೆ ಮಗನನ್ನು ಎಬ್ಬಿಸಿಕೊಂಡು ಮೊದಲ ಲೋಕಲ್ ಹಿಡಿದು ಮುಂಬೈಯಲ್ಲಿ ಮೀನು ಬಂದಿಳಿಯುವ ಭಾವುಚಾ ಧಕ್ಕಾಗೆ ಹೋದೆ. ನೆಲವೆಲ್ಲ ನೀರು, ಐಸ್ ಪುಡಿ ಮಾಡುವ ಯಂತ್ರದ ಗಡಗಡ, ತಲೆಯ ಮೇಲೆ ಬುಟ್ಟಿ ಹೊತ್ತು ಓಡುವವರು "ಬಾಜು, ಬಾಜು" ಅಂತ ಕೂಗುತ್ತಿದ್ದರು. ಮಗ ನನ್ನ ಸೆರಗು ಬಿಡಲೇ ಇಲ್ಲ.

ಮಾವಶಿ ಅಲ್ಲೇ ಸಿಕ್ಕರು, ಮಾಲು ಎತ್ತೋಕೆ ಬಂದಿದ್ದರು. ಜೂನಿನಲ್ಲಿ ಆದದ್ದನ್ನೆಲ್ಲ ಹೇಳಿದೆ. ಏನೂ ಅನ್ನಲಿಲ್ಲ, ನನ್ನ ಕೈ ಹಿಡಿದು ಒಂದು ಬುಟ್ಟಿಯ ಮುಂದೆ ನಿಲ್ಲಿಸಿದರು. ಹೊಳೆಯುವ ಬೊಂಬಿಲ್, ಬಾಯಿ ಇನ್ನೂ ಗುಲಾಬಿ ಬಣ್ಣ. ದೋಲ್ ಬಲೆಯದ್ದು ಅಂದರು. ಅದು ಒಂದೇ ಕಡೆ ಕಟ್ಟಿ ಬಿಡುವ ಚೀಲದ ಬಲೆ, ಭರತ ಇಳಿತದ ಸೆಳೆತಕ್ಕೆ ಮೀನು ತಾನಾಗಿ ಒಳಗೆ ಬರುತ್ತದೆ, ತಳ ಕೆರೆಯುವುದಿಲ್ಲ. "ಇದರಲ್ಲೂ ಸಣ್ಣ ಕಣ್ಣು ಹಾಕಿದರೆ ಮರಿ ಬರುತ್ತವೆ, ಅದಕ್ಕೇ ಮೀನಿನ ಉದ್ದ ನೋಡಿ ತಗೋ" ಅಂತ ಅವರೇ ಹೇಳಿಕೊಟ್ಟರು. ಹತ್ತು ಬೊಂಬಿಲ್ ತಗೊಂಡೆ. ಆಮೇಲೆ ಮಗನಿಗಾಗಿ ಕಂತಬಲೆಯ ಒಂದೇ ಒಂದು ಪಾಪ್ಲೇಟ್. ದುಬಾರಿಯೇ. ಆದರೆ ಜೂನಿನ ಐದು ಮರಿಗೆ ಕೊಟ್ಟದ್ದಕ್ಕಿಂತ ಸ್ವಲ್ಪವೇ ಜಾಸ್ತಿ.

ಮನೆಗೆ ಬಂದು ಮಗ ತನ್ನ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಇಟ್ಟು ಅಳೆದ. ಸ್ಕೇಲ್ ಸಾಲಲಿಲ್ಲ, ಎರಡು ಸಲ ಇಡಬೇಕಾಯಿತು. 24 ಸೆಂಟಿಮೀಟರ್. ಕಿವಿರು ದಾಸವಾಳದ ಕೆಂಪು. ನಾಲ್ಕು ಜನ ಹಂಚಿಕೊಂಡು ತಿಂದೆವು, ತಲೆ ಮತ್ತು ಬಾಲ ಸಾರಿಗೆ ಹೋಯಿತು.

ಧಾರವಾಡ_ಪುಣೆ

ಓದಿ ತುಂಬ ಖುಷಿಯಾಯಿತು ಅಕ್ಕ. ನಾನೂ ಗಣೇಶ ಪೇಟೆಯಲ್ಲಿ ಮೊದಲ ಸಲ "ಇದು ಯಾವ ಬಲೆಯದ್ದು" ಅಂತ ಕೇಳಿದೆ. ಅಂಗಡಿಯವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ "ಇದು ರತ್ನಾಗಿರಿಯದ್ದು, ಬಲೆ ಗೊತ್ತಿಲ್ಲ, ನಾಳೆ ಲಾರಿಯವನನ್ನು ಕೇಳಿ ಹೇಳುತ್ತೇನೆ" ಅಂದರು. ಇವತ್ತು ನಿಜವಾಗಿಯೂ ಕೇಳಿಟ್ಟಿದ್ದರು. ಟ್ರಾಲ್ ಅಂತೆ. ಮರಿ ಇರಲಿಲ್ಲ, ಸ್ವಲ್ಪ ಸಿಗಡಿ ಕೊಂಡೆ. ಬಂಗುಡೆ ಯಾವಾಗಿಂದ ಚೆನ್ನಾಗಿ ಸಿಗುತ್ತದೆ?

ಮಲ್ಪೆ_ಹುಡುಗ_ವರ್ಸೋವಾ

ಸೆಪ್ಟೆಂಬರ್ ದಾಟಲಿ ಅಣ್ಣ, ಮಳೆ ಹಿಂದೆ ಸರಿದು ನೀರು ತಿಳಿಯಾಗಲಿ. ಅಲ್ಲಿಂದ ಜನವರಿವರೆಗೆ ಕಾಲ. ಊರಿನ ಕೈರಂಪಣಿಯವರಿಗೆ ಮೊದಲ ಬಂಗುಡೆ ಬಿದ್ದ ದಿನ ಅಪ್ಪ ಫೋನ್ ಮಾಡುತ್ತಾರೆ. ಮಾಡಿದ ಕೂಡಲೇ ಇಲ್ಲೇ ಬರೆಯುತ್ತೇನೆ.